ಹುಣಸಿ ಬೀಜದ ಹೈಡ್ರೊಜೆಲ್ ಹ್ಯಾಂಗ ಮಾಡೋದು: ಪ್ರಾಜೆಕ್ಟ್ ಹುಡುಗ್ರಿಗೆ ಮೊದಲಿಂದ ಕೊನೀತನ

"ಮೇಡಂ, ಗಿಡದಿಂದ ಹೈಡ್ರೊಜೆಲ್ ಮಾಡ್ಬೇಕು, ಯಾವ್ದು ತಗೊಳ್ಳಲಿ, ಎಲ್ಲಿಂದ ಶುರು ಮಾಡ್ಲಿ?" ಪ್ರಾಜೆಕ್ಟ್ ಟೈಮ್ ಬಂತಂದ್ರ ಕಲಬುರಗಿ, ಬೀದರ, ಯಾದಗಿರಿ ಮೂರೂ ಕಡಿಂದ ಫಾರ್ಮಸಿ, ಬಯೋಟೆಕ್ ಹುಡುಗ್ರು ಇದೊಂದ ಪ್ರಶ್ನೆ ಹಿಡ್ಕೊಂಡು ಬರ್ತಾರ, ನಾನೂ ಪ್ರತಿಯೊಬ್ರಿಗೂ ಫೋನ್‌ನಾಗ ಅರ್ಧ ತಾಸು ಅದನ್ನ ಹೇಳಿ ಹೇಳಿ ಸಾಕಾಗ್ಯದ. ಅದಕ್ಕ ಒಮ್ಮೆ ಪೂರ್ತಿ ಬರದು ಇಡ್ತೀನಿ, ಓದ್ಕೊಂಡು ಮಾಡ್ರಿ.

ಮೊದ್ಲ ಒಂದು ಮಾತು. ಜೆಲ್ ಆಗೋದು ಏನ್ ದೊಡ್ಡ ಕೆಲಸ ಅಲ್ಲ, ಯಾರ್ ಮಾಡಿದ್ರೂ ಆಗ್ತದ. ಪ್ರಾಜೆಕ್ಟ್ ಕೆಡೋದು ಬೀಜದಿಂದ ತಗದ ಗೋಂದು ತೊಳಿಯೋದ್ರಾಗ. ಅಲ್ಲಿ ಮೈಗಳ್ಳತನ ಮಾಡಿದ್ರಂದ್ರ ಮುಂದ ಯುವಿ ರೀಡಿಂಗೂ (ಔಷಧ ಎಷ್ಟದ ಅಂತ ಬೆಳಕಿಲೆ ಅಳಿಯೋದು) ಸುಳ್ಳು, ಸೆಲ್ ಟೆಸ್ಟೂ ಸುಳ್ಳು. ಯಾಕ ಅಂತ ಮುಂದ ಬರ್ತದ.

ಹೈಡ್ರೊಜೆಲ್ ಅಂದ್ರೇನು ಅಂತ ಗೊತ್ತಿಲ್ಲದೋರಿಗೆ: ಬ್ಯಾಸಿಗ್ಯಾಗ ಶರಬತ್ತಿಗೆ ಸಬ್ಜಾ ಬೀಜ ನೆನಿ ಹಾಕ್ತೀವಲ್ಲ, ಕರೀ ಕಾಳಿನ ಸುತ್ತ ಕನ್ನಡಿ ಹಂಗ ಲೋಳಿ ನಿಲ್ತದ, ಎಷ್ಟ್ ಹೊತ್ತು ಬಿಟ್ರೂ ನೀರಾಗ ಕರಗಿ ಹೋಗಂಗಿಲ್ಲ, ಅದ ಹೈಡ್ರೊಜೆಲ್. ಉದ್ದುದ್ದ ಪಾಲಿಮರ್ ಎಳಿ ಒಂದಕ್ಕೊಂದು ಗಂಟು ಬಿದ್ದು ಜಾಲರಿ ಆಗಿರ್ತಾವ, ಆ ಜಾಲರಿ ನೀರು ಹಿಡ್ಕೊಂಡು ಉಬ್ತದ. ಜಾಲರಿಯೊಳಗ ಔಷಧ ಇಟ್ರ ಅದು ಸಾವಕಾಶ ಹೊರಗ ಬರ್ತದ, ಇದಕ್ಕ ಡ್ರಗ್ ಡೆಲಿವರಿ ಅಂತಾರ. ಜಾಲರಿಯೊಳಗ ಜೀವಕೋಶ ಬೆಳಸಿದ್ರ ಟಿಶ್ಯೂ ಎಂಜಿನಿಯರಿಂಗ್. ಔಷಧ, ಕಣ್ಣು, ಗಾಯ ಇಂಥಾ ಕೆಲಸಕ್ಕ ಇದನ್ನ ತಂದೋರು ಚೆಕೊಸ್ಲೊವಾಕಿಯಾದ ಒಟ್ಟೊ ವಿಖ್ಟರ್ಲೆ ಮತ್ತ ಡ್ರಾಹೊಸ್ಲಾವ್ ಲಿಮ್, 1960ರಾಗ. ನಾವು ಹಾಕ್ಕೋತೀವಲ್ಲ ಮೆತ್ತನ ಕಾಂಟ್ಯಾಕ್ಟ್ ಲೆನ್ಸ್, ಅದು ಅವ್ರ ಕೆಲಸದಿಂದನ ಬಂದದ್ದು. ಅವ್ರದ್ದು ಕೆಮಿಕಲ್‌ನಿಂದ ಮಾಡಿದ್ದು, ನಮ್ದು ಗಿಡದ್ದು.

ಯಾವ ಗಿಡ ತಗೋಬೇಕು?

ಹತ್ರಾಗ ಎಂಟ್ ಮಂದಿ ಲೋಳೆಸರ ಅಂತಾರ. ನಾ ಬ್ಯಾಡ ಅಂತೀನಿ. ಅದರಾಗ ನೂರಕ್ಕ 98 ಪಾಲು ನೀರ ಅದ, ಸಿಪ್ಪಿ ಕೆಳಗಿನ ಹಳದಿ ರಸದಾಗ ಅಲೋಯಿನ್ ಅಂತ ಭೇದಿ ಮಾಡ್ಸೋ ವಸ್ತು ಇರ್ತದ, ಒಂದು ಎಲಿಗೂ ಇನ್ನೊಂದು ಎಲಿಗೂ ತಾಳಿ ಆಗಂಗಿಲ್ಲ, ಮೂರ್ ತಿಂಗಳ ಪ್ರಾಜೆಕ್ಟ್‌ನಾಗ ಅದರ ಬೆನ್ನು ಹತ್ತೋದು ಬ್ಯಾಡ. ಬೆಂಡಿಕಾಯಿ ಲೋಳಿ ಒಣಗಿಸಿದ್ರ ಕಂದು ಬಣ್ಣಕ್ಕ ತಿರಗ್ತದ. ಚವಳಿಕಾಯಿ ಬೀಜದ ಗೋಂದು, ಅಂದ್ರ ಗ್ವಾರ್ ಗಮ್, ಭಾಳ ಛಲೋ ವಸ್ತು, ದೊಡ್ಡ ಕರುಳಿಗೆ ಔಷಧ ಮುಟ್ಟಸ್ಲಿಕ್ಕಂತೂ ಹೇಳಿ ಮಾಡ್ಸಿದಂಗ ಅದ ಯಾಕಂದ್ರ ಅಲ್ಲಿನ ಬ್ಯಾಕ್ಟೀರಿಯಾ ಅದನ್ನ ತಿಂದು ಔಷಧ ಬಿಡಸ್ತಾವ, ಆದ್ರ ಹುಡುಗ್ರು ಅದನ್ನ ಗಟ್ಟಿ ಮಾಡ್ಲಿಕ್ಕೆ ಬೋರಾಕ್ಸ್ ಹಾಕ್ತಾರ, ಬೋರಾಕ್ಸ್ ಜೀವಕೋಶಕ್ಕ ವಿಷ.

ಹಂಗಾಗಿ ಹುಣಸಿ ಬೀಜ. ನಮ್ಮ ಕಡಿ ಹುಣಸಿ ಕುಟ್ಟೋ ಹಂಗಾಮಿನಾಗ ಓಣಿ ಓಣಿಗೆ ರಾಶಿ ಬಿದ್ದಿರ್ತದ, ರೊಕ್ಕ ಕೊಡೋದ ಬೇಕಾಗಿಲ್ಲ. ಕಂಬಳಿ ನೇಯೋರು ಉಣ್ಣಿ ಎಳಿ ಬಿಗಿ ಆಗ್ಲಿ ಅಂತ ಇದರ ಗಂಜಿ ಹಚ್ತಾರ, ಅಂದ್ರ ಇದರ ಅಂಟುಗುಣ ನಮ್ಮ ಮಂದಿಗೆ ಲ್ಯಾಬ್ ಬರೋಕಿಂತ ಮೊದ್ಲ ಗೊತ್ತಿತ್ತು. ಅಂಟು ಯಾವ್ದಂದ್ರ ಕ್ಸೈಲೊಗ್ಲುಕನ್: ಗ್ಲೂಕೋಸ್‌ನ ಉದ್ದ ಎಳಿ, ಪಕ್ಕಕ್ಕ ಕ್ಸೈಲೋಸ್ ಮತ್ತ ಗ್ಯಾಲಕ್ಟೋಸ್ ಸಕ್ಕರಿ ಟೊಂಗಿ. ಕಣ್ಣು ಒಣಗೋ ತ್ರಾಸಿಗೆ ಹಾಕೋ ಡ್ರಾಪ್ಸ್‌ನಾಗೂ ಇದನ್ನ ಬಳಸ್ತಾರ.

ಒಂದ ತೊಡಕು, ಇದು ನೀರಾಗ ದಪ್ಪ ಆಗ್ತದ, ಆದ್ರ ತಾನ ಒಂಟಿ ಜೆಲ್ ಕಟ್ಟಂಗಿಲ್ಲ. ಗ್ಯಾಲಕ್ಟೋಸ್ ಟೊಂಗಿ ಮೂರರಾಗ ಒಂದು ಪಾಲಿಗಿಂತ ಹೆಚ್ಚು ಕಿಣ್ವದಿಂದ ಕತ್ತರಿಸಿದ್ರ ಆಗ ಬೆಚ್ಚಗ ಮಾಡಿದಂಗ ಜೆಲ್ ಆಗ್ತದ, ಆದ್ರ ಆ ಕಿಣ್ವ ತುಟ್ಟಿ. ನಾವು ಸರಳ ದಾರಿ ಹಿಡಿಯೋಣು: ಸೋಡಿಯಂ ಆಲ್ಜಿನೇಟ್ ಜೋಡಿ ಕೂಡ್ಸೋದು. ಆಲ್ಜಿನೇಟ್ ಸಮುದ್ರದ ಕಂದು ಪಾಚಿಯಿಂದ ಬರೋ ಪುಡಿ, ಕ್ಯಾಲ್ಸಿಯಂ ತಾಗಿದ ಕೂಡ್ಲೆ ಗಟ್ಟಿ ಆಗ್ತದ.

ಏನೇನು ಬೇಕು

ಹುಣಸಿ ಬೀಜ ಅರ್ಧ ಕೇಜಿ, ಹೊಸಾವು, ನುಸಿ ಹಿಡದಿದ್ದು ಬ್ಯಾಡ. ಸೋಡಿಯಂ ಆಲ್ಜಿನೇಟ್, ಕ್ಯಾಲ್ಸಿಯಂ ಕ್ಲೋರೈಡ್, ಎಥನಾಲ್ ಇಲ್ಲಾ ಐಸೊಪ್ರೊಪೈಲ್ ಆಲ್ಕೋಹಾಲ್, ಡೈಕ್ಲೊಫೆನಾಕ್ ಸೋಡಿಯಂ ಪುಡಿ (ನೋವಿನ ಔಷಧ, ಬೀಡ್‌ನಾಗ ತುಂಬ್ಲಿಕ್ಕೆ), ಫಾಸ್ಫೇಟ್ ಬಫರ್ (ಪಿಎಚ್ ಬದಲಾಗದಂಗ ಹಿಡಿಯೋ ದ್ರಾವಣ). ಮ್ಯಾಗ್ನೆಟಿಕ್ ಸ್ಟಿರರ್, ಸೆಂಟ್ರಿಫ್ಯೂಜ್, ಹಾಟ್ ಏರ್ ಅವನ್, ಯುವಿ ಸ್ಪೆಕ್ಟ್ರೊಫೋಟೊಮೀಟರ್, 10 ಎಂಎಲ್ ಸಿರಿಂಜ್, 21 ಇಲ್ಲಾ 22 ನಂಬರ್ ಸೂಜಿ, ಮಲ್‌ಮಲ್ ಬಟ್ಟಿ.

ಮತ್ತ ಡಿಸ್ಟಿಲ್ಡ್ ವಾಟರ್. ಇದನ್ನ ಬ್ಯಾರೆ ಸಾಲಿನಾಗ ಬರದೀನಿ, ಕಾರಣ ಅದ. ನಮ್ಮ ಬೋರ್‌ವೆಲ್ ನೀರು ಗಡಸು, ತುಂಬ ಕ್ಯಾಲ್ಸಿಯಂ, ಚಹಾ ಕಾಸೋ ಪಾತ್ರಿ ತಳಕ್ಕ ಬಿಳಿ ಪದರ ಕೂಡೋದು ನೋಡಿರ್ತೀರಿ. ನಾ ಕಲಿಯೋ ಟೈಮ್‌ನಾಗ ಒಂದ್ಸಲ ಡಿಸ್ಟಿಲ್ಡ್ ವಾಟರ್ ಖಾಲಿ ಆಗಿತ್ತು ಅಂತ ನಳದ ನೀರಾಗ ಆಲ್ಜಿನೇಟ್ ಹಾಕಿದ್ದೆ, ಒಡದ ಹಾಲಿನಂಗ ಗಂಟ್ ಗಂಟ್ ಆಗಿ ಕೂತ್ತು, ಇಡೀ ಬ್ಯಾಚ್ ಚೆಲ್ಲಿದೆ. ಕ್ಯಾಲ್ಸಿಯಂ ಮೊದಲ ನೀರಾಗ ಇದ್ರ ಆಲ್ಜಿನೇಟ್ ಅಲ್ಲೇ ಗಟ್ಟಿ ಆಗ್ಲಿಕ್ಕೆ ಶುರು ಮಾಡ್ತದ, ನೀವು ಹೇಳೋತನ ಕಾಯಂಗಿಲ್ಲ.

ಹಂತ 1: ಸಿಪ್ಪಿ ಬಿಡಿಸೋದು

ಸಣ್ಣವ್ರಿದ್ದಾಗ ಚೌಕಾಬಾರ ಆಡ್ಲಿಕ್ಕೆ ಹುಣಸಿ ಬೀಜ ಕಲ್ಲಿಗೆ ತಿಕ್ಕಿ ಒಂದು ಮಗ್ಗಲು ಬೆಳ್ಳಗ ಮಾಡ್ತಿದ್ವಿ ನೆನಪದ ಏನು? ಆ ಕಂದು ಪದರ ನಮ್ಮ ವೈರಿ, ಒಳಗಿನ ಬಿಳಿ ಬ್ಯಾಳಿ ನಮಗ ಬೇಕಾದ್ದು. ಕಂದು ಸಿಪ್ಪ್ಯಾಗ ಟ್ಯಾನಿನ್ ಅಂತ ಒಗರು ವಸ್ತು ತುಂಬ್ಯದ, ಬೀಜದ ತೂಕದಾಗ ಸುಮಾರು ಮೂರರಾಗ ಒಂದು ಪಾಲು ಬರೇ ಸಿಪ್ಪಿನ.

ಬೀಜ ಚೆಂದ ತೊಳದು 24 ತಾಸು ನೀರಾಗ ನೆನಿ ಹಾಕ್ರಿ, ಆಮ್ಯಾಗ ಒಂದ್ ತಾಸು ಕುದಸ್ರಿ, ಸಿಪ್ಪಿ ಕೈಲೆ ಉಚ್ಕೊಂಡು ಬರ್ತದ. ಉಸುಕಿನಾಗ ಹುರದು ಕುಟ್ಟಿ ಸಿಪ್ಪಿ ಹಾರಸೋ ಪದ್ಧತಿನೂ ಅದ, ಲಗೂ ಆಗ್ತದ, ಆದ್ರ ಒಂಚೂರು ಹೆಚ್ಚು ಹುರದ್ರ ಬ್ಯಾಳಿ ಕೆಂಪಾಗಿ ಗೋಂದಿಗೆ ಬಣ್ಣ ಹತ್ತತದ, ಆ ಬಣ್ಣ ಮತ್ತ ಹೋಗಂಗಿಲ್ಲ. ನೆನಿ ಹಾಕೋದ ಛಲೋ. ಬ್ಯಾಳಿ 50 ಡಿಗ್ರಿದಾಗ ಒಣಗಿಸಿ ಮಿಕ್ಸರ್‌ಗೆ ಹಾಕ್ರಿ, ಮಿಕ್ಸರ್ ಬಿಸಿ ಆಗಬಾರ್ದು, ನಿಂತ್ ನಿಂತ್ ತಿರಗ್ಸ್ರಿ.

ಹಂತ 2: ಗೋಂದು ತಗಿಯೋದು (ಇಲ್ಲಿ ಟೈಮ್ ಕೊಡ್ರಿ)

20 ಗ್ರಾಂ ಪುಡಿ 200 ಎಂಎಲ್ ತಣ್ಣನ ಡಿಸ್ಟಿಲ್ಡ್ ವಾಟರ್‌ನಾಗ ಕಲಸ್ರಿ. ಬ್ಯಾರೆ ಪಾತ್ರ್ಯಾಗ 800 ಎಂಎಲ್ ಕುದಿಯೋ ನೀರು ಇಟ್ಕೊಂಡು ಈ ಕಲಸಿದ್ದನ್ನ ಸಣ್ಣಾಗಿ ಸುರೀರಿ, ಕೈ ಆಡಸ್ತಾ 20 ನಿಮಿಷ ಕುದಸ್ರಿ. ಜೋಳದ ಅಂಬಲಿ ಕಾಸಿದೋರಿಗೆ ಹೇಳೋದ ಬ್ಯಾಡ, ಕೈ ನಿಲ್ಲಿಸಿದ್ರ ತಳ ಹಿಡೀತದ. ತಳ ಹಿಡದ್ರ ಆ ಬ್ಯಾಚ್ ಮರತ್ ಬಿಡ್ರಿ.

ಆರಿಸಿ ಮುಚ್ಚಿ ರಾತ್ರಿಪೂರ್ತಿ ಇಡ್ರಿ, ಫ್ರಿಜ್‌ನಾಗ. ಹೊರಗ ಇಟ್ರ ನಮ್ಮ ಏಪ್ರಿಲ್ ಬಿಸ್ಲಿಗೆ ಮುಂಜಾನಿ ಹುಳಿ ವಾಸನಿ ಬರ್ತದ. ಈ ಒಂದ್ ರಾತ್ರ್ಯಾಗ ಪ್ರೊಟೀನ್ ಮತ್ತ ನಾರು ತಳಕ್ಕ ಕೂಡ್ತಾವ. ಭಾಳ ಹುಡುಗ್ರು ಇದನ್ನ ಬಿಟ್ಟು ಅವತ್ತ ಸೋಸಿ ಮುಗಸ್ತಾರ, ಅಲ್ಲೇ ಕೆಡ್ತದ. ಮುಂಜಾನಿ ಮ್ಯಾಲಿನದಷ್ಟ ಬಗ್ಗಿಸಿ 5000 ಆರ್‌ಪಿಎಂಗೆ 20 ನಿಮಿಷ ಸೆಂಟ್ರಿಫ್ಯೂಜ್ ಮಾಡ್ರಿ.

ತಿಳಿ ದ್ರಾವಣಕ್ಕ ಅದರ ಎರಡ್ ಪಟ್ಟು ಎಥನಾಲ್. ಇದು ನೋಡೋ ಹಂಗ ಇರ್ತದ: ಆಲ್ಕೋಹಾಲ್ ಬಿದ್ದಲ್ಲಿ ಮೊದ್ಲ ಹೊಗಿ ಹಂಗ ಬಿಳಿ ಸುಳಿ ಏಳ್ತದ, ಗಾಜಿನ ಕಡ್ಡಿಲೆ ಒಂದ್ ಸುತ್ತು ತಿರಗಿಸಿದ್ರ ಒದ್ದಿ ಶಾವಿಗಿ ಗತೆ ಎಳಿ ಎಳಿ ಕಡ್ಡಿಗೆ ಸುತ್ಕೊಂಡು ಬರ್ತದ. ಆ ಎಳಿ ಬೆಳ್ಳಗ ಇದ್ರ ನೀವು ಪಾಸ್. ಬೂದು ಇಲ್ಲಾ ಗುಲಾಬಿ ಛಾಯಾ ಇದ್ರ ಸಿಪ್ಪಿ ಉಳದದ ಅಂತ ತಿಳೀರಿ. ಮಲ್‌ಮಲ್ ಬಟ್ಟ್ಯಾಗ ಹಿಂಡಿ, ಮತ್ತ ನೀರಾಗ ಕರಗಿಸಿ, ಇನ್ನೊಮ್ಮೆ ಸೆಂಟ್ರಿಫ್ಯೂಜ್, ಇನ್ನೊಮ್ಮೆ ಆಲ್ಕೋಹಾಲ್. ಎರಡನೇ ಸಲ ಮಾಡೋದು ಕಡ್ಡಾಯ ಅಂತ ತಿಳ್ಕೋರಿ. ಆಮ್ಯಾಗ 50 ಡಿಗ್ರಿ ಅವನ್‌ನಾಗ ಒಣಗಿಸಿ, ಪುಡಿ ಮಾಡಿ, ಜರಡಿ ಹಿಡೀರಿ. ಎಚ್ಚರಿಕಿ: ಆಲ್ಕೋಹಾಲ್ ಸುರಿಯೋ ಕಡಿ ಬರ್ನರ್, ಸ್ಟೋವ್ ಏನೂ ಹಚ್ಚಿರಬಾರ್ದು, ಒದ್ದಿ ಎಳಿ ಸೀದಾ ಅವನ್‌ಗೆ ಇಡಬ್ಯಾಡ್ರಿ, ಫ್ಯಾನ್ ಕೆಳಗ ಆಲ್ಕೋಹಾಲ್ ಹಾರಿಸಿ ಆಮ್ಯಾಗ ಇಡ್ರಿ.

ಹಂತ 3: ಶುದ್ಧ ಅದನೋ ಇಲ್ಲೋ ನೋಡೋದು

ಗೋಂದಿನ ನೀರಿಗೆ ಫೆರಿಕ್ ಕ್ಲೋರೈಡ್ ಎರಡ್ ಹನಿ: ಕಪ್ಪು-ನೀಲಿ ಇಲ್ಲಾ ಕಪ್ಪು-ಹಸಿರು ಬಂದ್ರ ಟ್ಯಾನಿನ್ ಅದ. ಬೈಯುರೆಟ್ ಟೆಸ್ಟ್‌ನಾಗ ನೇರಳಿ ಬಂದ್ರ ಪ್ರೊಟೀನ್ ಅದ. ಎರಡರಾಗ ಯಾವ್ದರ ಬಂದ್ರೂ ಹಂತ 2ಕ್ಕ ವಾಪಸ್ ಹೋಗ್ರಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಅಯೋಡಿನ್ ಹಾಕಿ ನೀಲಿ-ಹಸಿರು ಬಂತು, ಪಿಷ್ಟ ಕೂಡ್ಯದ ಅಂತ ಗಾಬರಿ ಆಗೋರು ಭಾಳ ಮಂದಿ. ಗಾಬರಿ ಬ್ಯಾಡ. ಕ್ಸೈಲೊಗ್ಲುಕನ್‌ಗೂ ಅಯೋಡಿನ್ ಹತ್ತತದ, ಅದರ ಗುಣ ಅದು.

ಹಂತ 4: ಬೀಡ್ ಕಟ್ಟೋದು

ಬೀಡ್ ಅಂದ್ರ ಜೆಲ್‌ನ ಸಣ್ಣ ಗುಂಡು, ಸಾಬೂದಾಣಿ ಗಾತ್ರದ್ದು. 100 ಎಂಎಲ್ ಡಿಸ್ಟಿಲ್ಡ್ ವಾಟರ್‌ಗೆ ಆಲ್ಜಿನೇಟ್ 2 ಗ್ರಾಂ, ಹುಣಸಿ ಗೋಂದು 1 ಗ್ರಾಂ, ಡೈಕ್ಲೊಫೆನಾಕ್ ಸೋಡಿಯಂ 1 ಗ್ರಾಂ. ಸ್ಟಿರರ್ ಜೋರಾಗಿ ತಿರಗ್ಲಿಕ್ಕೆ ಹಚ್ಚಿ ನೀರಿನಾಗ ಸುಳಿ ಬಿದ್ದ ಮ್ಯಾಲ ಆ ಸುಳಿ ಮ್ಯಾಲ ಪುಡಿ ಚಿಟಿಕಿ ಚಿಟಿಕಿ ಉದರಸ್ರಿ. ಜುಣಕ ಮಾಡಾಗ ಕಡ್ಲಿಹಿಟ್ಟು ಒಮ್ಮೆಲೆ ಸುರದ್ರ ಗಂಟ್ ಆಗ್ತಾವಲ್ಲ, ಮ್ಯಾಲ ಒದ್ದಿ ಒಳಗ ಒಣ ಹಿಟ್ಟು, ಇಲ್ಲೂ ಅದ ಕಥಿ, ಆ ಗಂಟು ಎಷ್ಟ್ ತಾಸು ತಿರಗಿಸಿದ್ರೂ ಒಡಿಯಂಗಿಲ್ಲ. ಪೂರ್ತಿ ಕರಗಿದ ಮ್ಯಾಲ ಔಷಧ ಹಾಕಿ, ಗಾಳಿ ಗುಳ್ಳಿ ಹೋಗ್ಲಿಕ್ಕೆ ಒಂದೆರಡು ತಾಸು ಸುಮ್ಮನ ಬಿಡ್ರಿ, ಗುಳ್ಳಿ ಉಳದ್ರ ಬೀಡ್ ತೇಲ್ತಾವ.

ಇನ್ನೊಂದು ಬೀಕರ್‌ನಾಗ 100 ಎಂಎಲ್ ನೀರಿಗೆ 5 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್, ಸಾವಕಾಶ ತಿರಗ್ತಿರ್ಲಿ. ಸಿರಿಂಜ್‌ಲೆ ಅಂಗೈ ಅಗಲದಷ್ಟು ಎತ್ತರದಿಂದ ಹನಿ ಹನಿ ಬಿಡ್ರಿ. ಭಾಳ ಮ್ಯಾಲಿಂದ ಬಿಟ್ರ ಬೀಡ್ ಚಪ್ಪಟ್ ಆಗ್ತದ, ಭಾಳ ಹತ್ರ ಹಿಡದ್ರ ಬಾಲ ಬರ್ತದ, ಗೊದಮಟ್ಟಿ ಹಂಗ ಕಾಣ್ತದ. ಬಾಲ ಬಂದದ್ದು ಮಿಶ್ರಣ ದಪ್ಪ ಆಗಿದ್ರಿಂದನೂ ಇರಬಹುದು, ಗೋಂದು ಅರ್ಧ ಗ್ರಾಂಗೆ ಇಳಸ್ರಿ. 20 ನಿಮಿಷ ನೆನೀಲಿ, ಸೋಸಿ, ಒಮ್ಮೆ ತೊಳದು, 40 ಡಿಗ್ರಿದಾಗ 24 ತಾಸು ಒಣಗಸ್ರಿ. ಔಷಧ ಹಾಕದ ಒಂದು ಬ್ಯಾಚ್‌ನೂ ಇದ ರೀತಿ ಮಾಡ್ರಿ, ಖಾಲಿ ಬೀಡ್. ಇದು ಮುಂದ ನಿಮ್ಮ ಮಾನ ಉಳಸ್ತದ.

"ಮೇಡಂ, ರಾತ್ರಿಪೂರ್ತಿ ಕ್ಯಾಲ್ಸಿಯಂನಾಗ ಬಿಟ್ರ ಇನ್ನೂ ಗಟ್ಟಿ ಆಗ್ತಾವಲ್ಲ?" ಆಗ್ತಾವ, ಆದ್ರ ಬೀಡ್‌ನಾಗಿನ ಔಷಧ ಆ ನೀರಿಗೆ ಇಳೀತಾ ಹೋಗ್ತದ. ಮೆಟ್‌ಫಾರ್ಮಿನ್‌ನಂಥಾ ನೀರಾಗ ಭಾಳ ಕರಗೋ ಶುಗರ್ ಔಷಧ ಇದ್ರ ಮುಗೀತು, ಗಟ್ಟಿ ಬೀಡ್ ಸಿಗ್ತದ, ಒಳಗ ಔಷಧ ಇರಂಗಿಲ್ಲ.

ಹಂತ 5: ಎಷ್ಟ್ ಉಬ್ತದ

50 ಮಿಲಿಗ್ರಾಂ ಒಣ ಬೀಡ್ ಬಫರ್‌ನಾಗ ಹಾಕಿ, ಅರ್ಧ ತಾಸು, ಒಂದು, ಎರಡು, ನಾಲ್ಕು, ಆರು ತಾಸಿಗೆ ತಗದು ಫಿಲ್ಟರ್ ಪೇಪರ್‌ನಾಗ ಒತ್ತಿ ತೂಗ್ರಿ. ಒತ್ತೋ ಹೊತ್ತು ಪ್ರತಿ ಸಲ ಅಷ್ಟ ಇರ್ಲಿ. ಉಬ್ಬಿದ ತೂಕದಾಗ ಒಣ ತೂಕ ಕಳದು, ಒಣ ತೂಕದಿಂದ ಭಾಗಿಸಿ, 100ರಿಂದ ಗುಣಸ್ರಿ. 50 ಇದ್ದದ್ದು 340 ಆದ್ರ 580 ಪರ್ಸೆಂಟ್. 680 ಅಂತ ಬರಿಯೋರು ಪ್ರತಿ ವರ್ಷ ಇರ್ತಾರ, ಕಳಿಯೋದು ಮರ್ತಿರ್ತಾರ.

ಫಾಸ್ಫೇಟ್ ಬಫರ್ 7.4 ಪಿಎಚ್‌ನಾಗ ಬೀಡ್ ಮೊದ್ಲ ಉಬ್ಬಿ ಆಮ್ಯಾಗ ಕರಗಿ ಮಾಯ ಆಗ್ತಾವ, ನಾ ಏನ್ ತಪ್ಪು ಮಾಡ್ದೆ ಅಂತ ಫೋನ್ ಬರ್ತದ. ತಪ್ಪಿಲ್ಲ. ಫಾಸ್ಫೇಟ್ ಕ್ಯಾಲ್ಸಿಯಂನ ಜಗ್ಗಿ ತಗೋತದ, ಬಫರ್‌ನಾಗಿನ ಸೋಡಿಯಂ ಅದರ ಜಾಗಕ್ಕ ಬಂದು ಕೂಡ್ತದ, ಜಾಲರಿ ಬಿಚ್ಚತದ. ಹೊಟ್ಟಿ ಆಮ್ಲದಂಥಾ 1.2 ಪಿಎಚ್‌ನಾಗ ಮಾತ್ರ ಅದ ಬೀಡ್ ಮುದುಡ್ಕೊಂಡು ಕೂಡ್ತಾವ. ಅಂದ್ರ ಹೊಟ್ಟ್ಯಾಗ ಸುಮ್ಮನಿದ್ದು ಕರುಳಿನಾಗ ಔಷಧ ಬಿಡ್ತದ, ಇದು ದೋಷ ಅಲ್ಲ, ನಿಮ್ಮ ಪ್ರಾಜೆಕ್ಟ್‌ನ ಮುಖ್ಯ ರಿಸಲ್ಟ್ ಇದ.

ಹಂತ 6: ಔಷಧ ಎಷ್ಟ್ ಹಿಡದದ, ಹ್ಯಾಂಗ ಬಿಡ್ತದ

ಮೊದ್ಲ ಕ್ಯಾಲಿಬ್ರೇಶನ್ ಕರ್ವ್, ಅಂದ್ರ ಗೊತ್ತಿರೋ ಪ್ರಮಾಣದ ಔಷಧಕ್ಕ ಮಷೀನ್ ಎಷ್ಟ್ ತೋರಸ್ತದ ಅನ್ನೋ ಗೆರಿ. ಡೈಕ್ಲೊಫೆನಾಕ್ 276 ನ್ಯಾನೊಮೀಟರ್‌ಗೆ, ಎಂಎಲ್‌ಗೆ 2ರಿಂದ 20 ಮೈಕ್ರೊಗ್ರಾಂ.

ಆಮ್ಯಾಗ 50 ಮಿಲಿಗ್ರಾಂ ಬೀಡ್ ಅರದು 100 ಎಂಎಲ್ 7.4 ಬಫರ್‌ನಾಗ 24 ತಾಸು ಬಿಟ್ಟು, ಸೋಸಿ, 10 ಪಟ್ಟು ತೆಳು ಮಾಡಿ ರೀಡಿಂಗ್ ತಗೋರಿ. ನಾವು ಹಾಕಿದ್ದು 4 ಗ್ರಾಂನಾಗ 1 ಗ್ರಾಂ ಔಷಧ, ಹಂಗಂದ್ರ 50ರಾಗ 12.5 ಮಿಲಿಗ್ರಾಂ ಇರಬೇಕು. 9 ಸಿಕ್ತು ಅನ್ಕೋರಿ, ಎಂಟ್ರಾಪ್‌ಮೆಂಟ್ (ಹಾಕಿದ ಔಷಧದಾಗ ಬೀಡ್ ಹಿಡ್ಕೊಂಡ ಪಾಲು) 72 ಪರ್ಸೆಂಟ್.

ಈಗ ಹಂತ 2ರ ಪಾಪ ಇಲ್ಲಿ ಬಂದು ಕಾಡ್ತದ ನೋಡ್ರಿ. ಪ್ರೊಟೀನ್ ಬೆಳಕು ಹೀರೋದು 280ರ ಸುತ್ತಮುತ್ತ, ನಾವು ಓದೋದು 276ಕ್ಕ. ಟ್ಯಾನಿನ್‌ನೂ ಅಲ್ಲೇ ಹೀರ್ತದ. ಗೋಂದು ಹೊಲಸಿದ್ರ ಮಷೀನ್ ಪ್ರೊಟೀನ್‌ನ ಔಷಧ ಅಂತ ಎಣಸ್ತದ, ನಿಮ್ಗ 108 ಪರ್ಸೆಂಟ್ ಎಂಟ್ರಾಪ್‌ಮೆಂಟ್ ಬರ್ತದ, ನೀವು ಖುಷಿಲೆ ಬರ್ಕೊಂಡು ಬರ್ತೀರಿ. ಹಾಕಿದ್ದಕ್ಕಿಂತ ಹೆಚ್ಚು ಎಲ್ಲಿಂದ ಬಂತು ತಮ್ಮಾ ಅಂತ ಕೇಳಿದ್ರ ಉತ್ತರ ಇರಂಗಿಲ್ಲ. ಖಾಲಿ ಬೀಡ್ ಮಾಡ್ರಿ ಅಂದದ್ದು ಇದಕ್ಕ, ಅದರ ದ್ರಾವಣನ ಬ್ಲ್ಯಾಂಕ್ ಅಂತ, ಅಂದ್ರ ಮಷೀನ್‌ಗೆ ಸೊನ್ನಿ ಅಂತ ತೋರ್ಸೋದು, ಇಡ್ರಿ, ಬರೇ ಬಫರ್ ಅಲ್ಲ.

ರಿಲೀಸ್ ಸ್ಟಡಿಗೆ (ಔಷಧ ಯಾವಾಗ ಎಷ್ಟ್ ಹೊರಗ ಬರ್ತದ ಅಂತ ನೋಡೋದು) ಡಿಸಲ್ಯೂಶನ್ ಮಷೀನ್, 900 ಎಂಎಲ್, 37 ಡಿಗ್ರಿ. ಮೊದ್ಲ 2 ತಾಸು ಆಮ್ಲ, ಆಮ್ಯಾಗ 6.8 ಇಲ್ಲಾ 7.4 ಬಫರ್. 5 ಎಂಎಲ್ ತಗದ್ರ 5 ಎಂಎಲ್ ಹೊಸಾದು ಅದ ಬಿಸಿದ್ದು ಹಾಕ್ರಿ, ತಗದದ್ದರಾಗ ಹೋದ ಔಷಧ ಲೆಕ್ಕಕ್ಕ ಕೂಡ್ಸ್ರಿ. ಇಲ್ಲೊಂದು ಮೋಸ ಅದ: ಡೈಕ್ಲೊಫೆನಾಕ್ ಆಮ್ಲದಾಗ ಕರಗಂಗಿಲ್ಲ. ಹಂಗಾಗಿ ಆಮ್ಲದಾಗ ರಿಲೀಸ್ ಕಡಿಮಿ ಬಂದದ್ದಕ್ಕ ಪೂರ್ತಿ ಶಾಬಾಸ್ಕಿ ಜೆಲ್‌ಗೆ ಕೊಡಬ್ಯಾಡ್ರಿ, ಔಷಧದ ಗುಣಾನೂ ಅದ. ಬರೇ ಔಷಧದ ಪುಡಿನೂ ಜೋಡಿಗೆ ಓಡಿಸಿ ತೋರಸ್ರಿ. ಕರೆಂಟ್ ಹೋಗೋ ಊರಾಗ ಇದ್ರ ಮುಂಜಾನಿ 8ಕ್ಕ ಶುರು ಮಾಡಿ 8 ತಾಸಿನಾಗ ಮುಗಸ್ರಿ, ನಡುವ ನೀರು ಆರಿದ್ರ ಆ ಪಾಯಿಂಟ್ ಗ್ರಾಫ್‌ನಾಗ ಕುಳಿ ಬಿದ್ದಂಗ ಕಾಣ್ತದ.

ಡೇಟಾ ಬಂದ ಮ್ಯಾಲ ಹಿಗುಚಿ, ಕೊರ್ಸ್‌ಮೇಯರ್-ಪೆಪ್ಪಾಸ್ ಅಂತ ಸಮೀಕರಣ ಹಚ್ತಾರ, ಔಷಧ ಯಾವ ದಾರಿಲೆ ಹೊರಗ ಬಂತು ಅಂತ ತಿಳೀಲಿಕ್ಕೆ. ಪೆಪ್ಪಾಸ್ ಸಮೀಕರಣಕ್ಕ ಮೊದಲಿನ 60 ಪರ್ಸೆಂಟ್ ರಿಲೀಸ್‌ನ ಡೇಟಾ ಅಷ್ಟ ಹಾಕಬೇಕು. ಮತ್ತ ಎನ್ ಅನ್ನೋ ಅಂಕಿ 0.5 ಇದ್ರ ಬರೇ ಡಿಫ್ಯೂಷನ್ (ಔಷಧ ತಾನ ಹರಡಿ ಹೊರಗ ಬರೋದು) ಅಂತ ಬರಿತೀರಲ್ಲ, ಅದು ತೆಳು ಪದರಕ್ಕ. ನಮ್ದು ಗುಂಡು, ಗುಂಡಿಗೆ 0.43.

ಹಂತ 7: ಟಿಶ್ಯೂ ಎಂಜಿನಿಯರಿಂಗ್‌ಗೆ ಹೋಗೋರಿಗೆ ಅಷ್ಟ

ಇಲ್ಲಿ ಮೂರ್ ಮಾತು ಬ್ಯಾರೆ ಆಗ್ತಾವ. ಒಂದು, ಜೀವಕೋಶಕ್ಕ ಕಾಲೂರ್ಲಿಕ್ಕೆ ಜಾಗ ಬೇಕು. ನಮ್ಮ ಮೈಯಾಗಿನ ಕೊಲಾಜನ್‌ನಾಗ ಕೋಶ ಹಿಡ್ಕೊಳ್ಳೋ ಕೊಂಡಿ ಇರ್ತಾವ, ಹುಣಸಿ ಗೋಂದಿನಾಗೂ ಇಲ್ಲ ಆಲ್ಜಿನೇಟ್‌ನಾಗೂ ಇಲ್ಲ, ಕೋಶ ಜಾರಿ ಗುಂಪು ಕಟ್ತಾವ. ಜೆಲಾಟಿನ್ ಕೂಡಸ್ರಿ. ಎರಡು, ರಂಧ್ರ ಬೇಕು, ಅದಕ್ಕ ಜೆಲ್ ಹೆಪ್ಪುಗಟ್ಟಿಸಿ ಲಯೋಫಿಲೈಸರ್ ಅನ್ನೋ ಮಷೀನ್‌ನಾಗ, ಐಸ್ ಕರಗದನ ಆವಿ ಆಗಿ ಹೋಗೋಹಂಗ, ಒಣಗಸ್ತಾರ, ಸಾವಕಾಶ ಹೆಪ್ಪುಗಟ್ಟಿಸಿದ್ರ ಐಸ್ ಹರಳು ದೊಡ್ಡಾಗಿ ರಂಧ್ರನೂ ದೊಡ್ಡಾಗ್ತದ. ಮೂರು, ಸ್ಟೆರೈಲ್ ಮಾಡೋದು. ಆಲ್ಜಿನೇಟ್ 121 ಡಿಗ್ರಿ ಆಟೋಕ್ಲೇವ್‌ನಾಗ ಹಾಕಿದ್ರ ಎಳಿ ತುಂಡಾಗಿ ನೀರ್ ನೀರ್ ಆಗ್ತದ. ತೆಳು ದ್ರಾವಣ ಇದ್ದಾಗ 0.22 ಮೈಕ್ರಾನ್ ಫಿಲ್ಟರ್‌ನಾಗ ಸೋಸ್ರಿ.

ಸೆಲ್ ಟೆಸ್ಟ್‌ಗೆ ಎಂಟಿಟಿ ಮಾಡ್ತಾರ: ಬದುಕಿರೋ ಕೋಶ ಹಳದಿ ಬಣ್ಣನ ನೇರಳಿ ಮಾಡ್ತಾವ. ಕೋಶ ಪುಣೆದ ನ್ಯಾಷನಲ್ ಸೆಂಟರ್ ಫಾರ್ ಸೆಲ್ ಸೈನ್ಸ್‌ನಿಂದ ತರಸ್ಬಹುದು, ಗೈಡ್ ಮುಖಾಂತರ, ಮೊದಲ ಬರೀರಿ. ಐಎಸ್ಓ 10993-5 ಅನ್ನೋ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಬದುಕಿದ ಕೋಶ 70 ಪರ್ಸೆಂಟ್‌ಗಿಂತ ಕೆಳಗ ಹೋದ್ರ ವಸ್ತು ವಿಷಕಾರಿ. ಮತ್ತ ಇಲ್ಲೂ ಅದ ಸಿಪ್ಪಿ: ಟ್ಯಾನಿನ್ ಕೋಶ ಇಲ್ಲದನ ಹಳದಿನ ನೇರಳಿ ಮಾಡಿಬಿಡ್ತದ. ಕೋಶ ಎಲ್ಲಾ ಸತ್ತಿದ್ರೂ ರಿಪೋರ್ಟ್‌ನಾಗ 120 ಪರ್ಸೆಂಟ್ ಬದುಕ್ಯಾವ ಅಂತ ಬರ್ತದ. ಟೆಸ್ಟ್ ಪ್ಲೇಟಿನ ಕೋಶ ಹಾಕದ ಗುಳಿದಾಗ ಬರೇ ಜೆಲ್ ಮತ್ತ ಎಂಟಿಟಿ ಹಾಕಿ ನೋಡ್ರಿ.

ಇಲಿ, ಮೊಲದ ಮ್ಯಾಲ ಟೆಸ್ಟ್ ಮಾಡೋದಿದ್ರ ಕಾಲೇಜಿನ ಪ್ರಾಣಿ ಎಥಿಕ್ಸ್ ಕಮಿಟಿ ಒಪ್ಪಿಗಿ ಕೈಯಾಗ ಬಂದ ಮ್ಯಾಲನ ಶುರು ಮಾಡ್ರಿ, ಅರ್ಜಿ ಹಾಕೀವಿ ಅಂದ್ರ ನಡಿಯಂಗಿಲ್ಲ. ಮತ್ತ ಮನ್ಯಾಗ ಅಜ್ಜಿ ಕಾಲಿನ ಶುಗರ್ ಗಾಯಕ್ಕ ಒಂದೀಟು ಹಚ್ಚಿ ನೋಡ್ಲಾ ಅಂತ ಒಬ್ಬಾಕಿ ಕೇಳಿದ್ಲು. ಬ್ಯಾಡ ತಂಗಿ. ಲ್ಯಾಬ್‌ನಾಗ ಮಾಡಿದ ಜೆಲ್‌ನಾಗ ಬ್ಯಾಕ್ಟೀರಿಯಾ ಎಷ್ಟವ ನಿನಗೂ ಗೊತ್ತಿಲ್ಲ ನನಗೂ ಗೊತ್ತಿಲ್ಲ, ಆ ಗಾಯ ಡಾಕ್ಟರ್‌ಗೆ ತೋರ್ಸು.

ಉಳದ ಗೋಂದು ಗಾಳಿ ಆಡದ ಡಬ್ಬ್ಯಾಗ ಹಾಕಿ, ಸಿಲಿಕಾ ಜೆಲ್ ಪುಡಕಿ ಇಟ್ಟು, ಬ್ಯಾಚ್ ನಂಬರ್ ಮತ್ತ ತಾರೀಖು ಬರದು ಹಚ್ರಿ. ಮಳಿಗಾಲದಾಗ ಅದು ಗಾಳಿಯಾಗಿನ ನೀರು ಕುಡದು ಮುದ್ದಿ ಆಗ್ತದ. ಒಂದ್ 5 ಗ್ರಾಂ ವೈವಾ ಮುಗಿಯೋತನ ತಗೀಬ್ಯಾಡ್ರಿ, ಹೊರಗಿನ ಪರೀಕ್ಷಕರು ಬಂದು "ಸ್ಯಾಂಪಲ್ ತೋರಿಸ್ರಿ" ಅಂತಾರ, ಆಗ ಡಬ್ಬಿ ಮುಚ್ಚಳ ತಗದ್ರ ಪುಡಿ ಬೆಳ್ಳಗ ಕಾಣಬೇಕು.